ನಡುರಾತ್ರಿಯ ಸೂರ್ಯ: ಫಾರ್ವರ್ಡ್ ಎಷ್ಟು ನಿಜ ಎಂದು ಕನಮಡಿಯಲ್ಲಿ ಕೂತೇ ಲೆಕ್ಕ ಹಾಕಿ

"ಜಗತ್ತಿನ ಈ ಆರು ದೇಶಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ!" ಇಂಥದೊಂದು ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ನಾರ್ವೆ, ಸ್ವೀಡನ್, ಫಿನ್ಲೆಂಡ್, ಐಸ್‌ಲ್ಯಾಂಡ್, ಕೆನಡಾ, ಅಲಾಸ್ಕಾ ಎಂದು ಪಟ್ಟಿ ಇರುತ್ತದೆ. (ಅಲಾಸ್ಕಾ ದೇಶವೇ ಅಲ್ಲ, ಅಮೆರಿಕದ ಒಂದು ರಾಜ್ಯ. ಪಟ್ಟಿ ಅಲ್ಲೇ ಎಡವಿದೆ.) ಅದರ ಬೆನ್ನಿಗೇ ಹಡಗಿನ ಚಿತ್ರವಿರುವ ಜಾಹೀರಾತುಗಳೂ ಬರುತ್ತವೆ. ಜೂನ್ ತಿಂಗಳಲ್ಲಿ ನಾರ್ವೆ ಕ್ರೂಸ್, ನಡುರಾತ್ರಿಯ ಸೂರ್ಯನನ್ನೂ ನೋಡಿ, ಆಕಾಶದಲ್ಲಿ ಹಸಿರು ಬೆಳಕು ಕುಣಿಯುವ ನಾರ್ದರ್ನ್ ಲೈಟ್ಸನ್ನೂ ನೋಡಿ, ಎರಡೂ ಒಂದೇ ಟಿಕೆಟ್ಟಿನಲ್ಲಿ!

ಮೊದಲೇ ಹೇಳಿಬಿಡುತ್ತೇವೆ. ಸೂರ್ಯ ಮುಳುಗದಿರುವುದು ನಿಜ. ಇಡೀ ದೇಶದಲ್ಲಿ ಮುಳುಗುವುದಿಲ್ಲ ಎನ್ನುವುದು ಸುಳ್ಳು. ಎರಡೂ ಒಂದೇ ಪ್ರವಾಸದಲ್ಲಿ ಎಂಬುದಂತೂ ನಂಬಿ ದುಡ್ಡು ಕಟ್ಟಬಾರದ ಮಾತು. ಇದನ್ನೆಲ್ಲ ನಾವು ಹೇಳಿದ್ದಕ್ಕೇ ನಂಬಬೇಕಾಗಿಲ್ಲ, ಒಂದು ಸಣ್ಣ ಕಳೆಯುವ ಲೆಕ್ಕದಿಂದ ನೀವೇ ತಾಳೆ ನೋಡಬಹುದು.

ಮೊದಲು ನಿಮ್ಮ ಮನೆಯ ಗೋಡೆ ನೋಡಿ

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕನಮಡಿ, ಮಹಾರಾಷ್ಟ್ರ ಗಡಿಯ ಹತ್ತಿರದ ಊರು. ಅಕ್ಷಾಂಶ ಸುಮಾರು 17 ಡಿಗ್ರಿ ಉತ್ತರ. ಕಾರಹುಣ್ಣಿಮೆಯ ಹೊತ್ತಿಗೆ, ಅಂದರೆ ಜೂನ್ ತಿಂಗಳಲ್ಲಿ, ಅಲ್ಲಿ ಸೂರ್ಯ ಎಲ್ಲಿ ಹುಟ್ಟುತ್ತಾನೆ ಗಮನಿಸಿ. ನೇರ ಪೂರ್ವದಲ್ಲಲ್ಲ, ಸುಮಾರು 25 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಮುಳುಗುವಾಗಲೂ ಹಾಗೆಯೇ, ಪಶ್ಚಿಮದಿಂದ ಅಷ್ಟೇ ಉತ್ತರಕ್ಕೆ. ನಡುಹಗಲಿಗೆ ನೆತ್ತಿಯ ಮೇಲೆ ಬಂದಂತೆ ಕಂಡರೂ ನೆತ್ತಿಗಿಂತ ಆರೇಳು ಡಿಗ್ರಿ ಉತ್ತರಕ್ಕೇ ಇರುತ್ತಾನೆ.

ಇದರಿಂದ ಒಂದು ವಿಚಿತ್ರ ನಡೆಯುತ್ತದೆ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಕನಮಡಿಯ ಮನೆಗಳ ದಕ್ಷಿಣದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಉತ್ತರದ ಗೋಡೆಗೇ. ಮಾಳಿಗೆ ಮನೆಯವರಿಗೆ, ಬಳ್ಳಿ ಯಾವ ದಿಕ್ಕಿಗೆ ಹಬ್ಬಿಸಬೇಕೆಂದು ಯೋಚಿಸುವ ದ್ರಾಕ್ಷಿ ಬೆಳೆಗಾರರಿಗೆ ಇದು ಹೊಸದೇನಲ್ಲ. ಈ ಅವಧಿಯ ಆರಂಭಕ್ಕೊಮ್ಮೆ, ಕೊನೆಗೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನ ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಕ್ಷಣಕಾಲ ನೆರಳೇ ಇರುವುದಿಲ್ಲ. ಗಡಿಯಾರದ ಹನ್ನೆರಡಕ್ಕೆ ನೋಡಿದರೆ ಮಾತ್ರ ಕಾಣುವುದಿಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಕನಮಡಿ ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿರುವುದರಿಂದ ಅಲ್ಲಿನ ನಿಜವಾದ ನಡುಹಗಲು ಹನ್ನೆರಡೂವರೆಯ ಆಸುಪಾಸು.

ಈಗ ಇದೇ ಸಂಗತಿಯನ್ನು ಉತ್ತರಕ್ಕೆ ಎಳೆಯುತ್ತ ಹೋಗೋಣ. ಜೂನ್ ತಿಂಗಳಲ್ಲಿ ಉತ್ತರಕ್ಕೆ ಹೋದಷ್ಟೂ ಸೂರ್ಯ ಹುಟ್ಟುವ ಜಾಗ ಮತ್ತು ಮುಳುಗುವ ಜಾಗ ಎರಡೂ ಉತ್ತರ ದಿಕ್ಕಿನತ್ತ ಸರಿಯುತ್ತವೆ. ನಾರ್ವೆಯ ಬರ್ಗನ್ ನಗರದಲ್ಲಿ ಸೂರ್ಯ ಪೂರ್ವದಿಂದ 50 ಡಿಗ್ರಿಗೂ ಹೆಚ್ಚು ಉತ್ತರಕ್ಕೆ ಸರಿದು ಹುಟ್ಟುತ್ತಾನೆ. ಇನ್ನೂ ಮೇಲೆ ಹೋದರೆ ಎರಡೂ ಜಾಗ ನೇರ ಉತ್ತರದಲ್ಲಿ ಒಂದಕ್ಕೊಂದು ಸೇರಿಬಿಡುತ್ತವೆ. ಅಲ್ಲಿಂದಾಚೆ ಸೂರ್ಯ ಇಳಿಯುತ್ತ ಬಂದು, ಉತ್ತರ ದಿಗಂತದ ಮೇಲೆ ತೇಲಿ, ಮುಳುಗದೆ ಮತ್ತೆ ಏರತೊಡಗುತ್ತಾನೆ. ನಡುರಾತ್ರಿಯ ಸೂರ್ಯ ಎಂದರೆ ಇಷ್ಟೇ. ನಿಮ್ಮ ಉತ್ತರದ ಗೋಡೆಗೆ ಬಿಸಿಲು ತಂದ ಕಾರಣವೇ ಅಲ್ಲಿ ರಾತ್ರಿಯನ್ನು ಅಳಿಸುತ್ತದೆ. ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ಓರೆಯಾಗಿದೆ, ಜೂನ್‌ನಲ್ಲಿ ಅದರ ಉತ್ತರ ತುದಿ ಸೂರ್ಯನ ಕಡೆಗೆ ವಾಲಿರುತ್ತದೆ.

"ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುತ್ತದೆ, ಅದಕ್ಕೇ ಹೀಗೆ" ಎಂಬ ವಿವರಣೆಯೂ ಓಡಾಡುತ್ತದೆ. ಅದು ತಲೆಕೆಳಗು. ಭೂಮಿ ಸೂರ್ಯನಿಂದ ಅತಿ ದೂರ ಇರುವುದೇ ಜುಲೈ ಆರಂಭದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರ್. ಅತಿ ಹತ್ತಿರ ಬರುವುದು ಜನವರಿ ಆರಂಭದಲ್ಲಿ, ಸುಮಾರು 14.7 ಕೋಟಿ.

ಭಾಸ್ಕರಾಚಾರ್ಯರ ಕಳೆಯುವ ಲೆಕ್ಕ

ಈ ಲೆಕ್ಕ ನಮಗೆ ಹೊರಗಿನಿಂದ ಬಂದದ್ದಲ್ಲ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರು ತಮ್ಮ ಊರು ವಿಜ್ಜಡವಿಡ ಎಂದು ಬರೆದುಕೊಂಡಿದ್ದಾರೆ. ಅದು ಈಗಿನ ವಿಜಯಪುರವೇ ಎನ್ನುವ ವಿದ್ವಾಂಸರಿದ್ದಾರೆ. ಮಹಾರಾಷ್ಟ್ರದ ಚಾಳಿಸಗಾಂವ್ ಕಡೆಯದು ಎನ್ನುವವರೂ ಇದ್ದಾರೆ, ಅವರ ಮೊಮ್ಮಗನ ಕಾಲದ ಶಾಸನ ಸಿಕ್ಕಿರುವುದು ಆ ಭಾಗದಲ್ಲಿ. ಊರಿನ ಜಗಳ ಬದಿಗಿಡೋಣ. 1150ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ ಬರೆದ 'ಸಿದ್ಧಾಂತ ಶಿರೋಮಣಿ'ಯ ಗೋಲಾಧ್ಯಾಯದಲ್ಲಿ ಅವರು ಹೇಳುವ ನಿಯಮದ ತಿರುಳು ಇದು: 66 ಡಿಗ್ರಿಗಿಂತ ಹೆಚ್ಚು ಅಕ್ಷಾಂಶದ ಊರಿನಲ್ಲಿ, ಸೂರ್ಯನ ಉತ್ತರ ಕ್ರಾಂತಿಯು 90ರಿಂದ ಆ ಊರಿನ ಅಕ್ಷಾಂಶವನ್ನು ಕಳೆದರೆ ಉಳಿಯುವ ಸಂಖ್ಯೆಗಿಂತ ಹೆಚ್ಚಿರುವಷ್ಟು ದಿನವೂ ಹಗಲೇ ಹಗಲು.

ಕ್ರಾಂತಿ ಎಂದರೆ ಸೂರ್ಯ ಭೂಮಧ್ಯರೇಖೆಯ ನೇರದಿಂದ ಎಷ್ಟು ಡಿಗ್ರಿ ಸರಿದಿದ್ದಾನೆ ಎಂಬುದು. ಜೂನ್ 21ರ ಸುಮಾರಿಗೆ ಅದು ಅತಿ ಹೆಚ್ಚು, 23.4. ಅವರ ಕಾಲದ ಜ್ಯೋತಿಷ ಗ್ರಂಥಗಳಲ್ಲಿ ಇದನ್ನು 24 ಎಂದು ಹಿಡಿಯುತ್ತಿದ್ದರು, 90ರಲ್ಲಿ 24 ಕಳೆದರೆ 66. ಇಂದಿನ ಆರ್ಕ್ಟಿಕ್ ವೃತ್ತ 66 ಡಿಗ್ರಿ 34 ನಿಮಿಷ.

ಇದನ್ನು ಓದಿ "ನಮ್ಮ ಪೂರ್ವಜರು ಆಗಲೇ ಹಡಗಿನಲ್ಲಿ ನಾರ್ವೆಗೆ ಹೋಗಿ ಬಂದಿದ್ದರು" ಎಂದು ಹೊಸ ಫಾರ್ವರ್ಡ್ ಮಾಡಬೇಡಿ. ಹೋಗಿರಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಗೋಳದ ಲೆಕ್ಕ ಸರಿಯಾಗಿದ್ದರೆ ಕೂತಲ್ಲೇ ಉತ್ತರ ಸಿಗುತ್ತದೆ. ನಮ್ಮ ಮಟ್ಟಿಗೆ ಅದೇ ದೊಡ್ಡ ಸಂಗತಿ.

ಈಗ ನಿಮ್ಮ ಸರದಿ. ಫೋನಿನ ಮ್ಯಾಪ್‌ನಲ್ಲಿ ಊರಿನ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಮೊದಲನೆಯದು ಅಕ್ಷಾಂಶ. ಅದನ್ನು 90ರಿಂದ ಕಳೆಯಿರಿ. ಉಳಿದದ್ದು 23.4ಕ್ಕಿಂತ ಕಡಿಮೆ ಇದ್ದರೆ ಅಲ್ಲಿ ನಡುರಾತ್ರಿಯ ಸೂರ್ಯ ಉಂಟು. ಸ್ಟಾಕ್‌ಹೋಮ್ 59.3, ಉಳಿದದ್ದು 30.7. ಇಲ್ಲ. ಅಲ್ಲಿ ಜೂನ್‌ನಲ್ಲೂ ರಾತ್ರಿ ಹತ್ತು ದಾಟಿ ಸೂರ್ಯ ಮುಳುಗಿ, ಮೂರೂವರೆಗೆ ಹುಟ್ಟುತ್ತಾನೆ. ನಡುವೆ ಪೂರ್ತಿ ಕತ್ತಲಾಗುವುದಿಲ್ಲ, ಅಷ್ಟೇ. ಆಸ್ಲೊ, ಹೆಲ್ಸಿಂಕಿಯ ಕಥೆಯೂ ಇದೇ. ಐಸ್‌ಲ್ಯಾಂಡಿನ ಮುಖ್ಯ ಭೂಭಾಗ ಆರ್ಕ್ಟಿಕ್ ವೃತ್ತದ ಕೆಳಗೇ ಇದೆ, ವೃತ್ತ ಮುಟ್ಟುವುದು ಗ್ರಿಮ್ಸೆ ಎಂಬ ಪುಟ್ಟ ದ್ವೀಪವನ್ನು. ನಾರ್ವೆಯ ಟ್ರೊಮ್ಸೊ 69.6, ಉಳಿದದ್ದು 20.4. ಉಂಟು. ಸ್ವಾಲ್‌ಬಾರ್ಡ್ ದ್ವೀಪಗಳ ನ್ಯೂ-ಓಲೆಸುಂಡ್‌ನಲ್ಲಿ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಇದೆ. ಅಕ್ಷಾಂಶ ಸುಮಾರು 79, ಉಳಿಯುವುದು ಬರೀ 11. ಆದ್ದರಿಂದ ಅಲ್ಲಿ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ಕೊನೆಯ ವಾರದ ತನಕ ರಾತ್ರಿಯೇ ಇಲ್ಲ.

ಕನಮಡಿಗೆ ಉಳಿಯುವುದು 73. ನಮ್ಮ ಅತಿ ದೊಡ್ಡ ಹಗಲು 13 ಗಂಟೆ 8 ನಿಮಿಷದಷ್ಟು, ಅತಿ ಸಣ್ಣದು 11 ಗಂಟೆ ಚಿಲ್ಲರೆ.

ಲೆಕ್ಕದಲ್ಲಿ ಒಂದು ಸಣ್ಣ ರಿಯಾಯಿತಿ ಇದೆ. ಗಾಳಿ ಬೆಳಕನ್ನು ಬಾಗಿಸುವುದರಿಂದ ಸೂರ್ಯ ಇರುವುದಕ್ಕಿಂತ ತುಸು ಮೇಲೆ ಕಾಣುತ್ತಾನೆ. ಹಾಗಾಗಿ ವೃತ್ತಕ್ಕಿಂತ ಹತ್ತಿರ ಹತ್ತಿರ 90 ಕಿಲೋಮೀಟರ್ ದಕ್ಷಿಣಕ್ಕಿದ್ದರೂ ಜೂನ್ 21ರ ಸುಮಾರಿಗೆ ಸೂರ್ಯನ ಅಂಚು ಕಾಣಬಹುದು.

ಹಡಗಿನಲ್ಲಿ ಹೋದರೆ ಏನು ಸಿಗುತ್ತದೆ?

ನಾರ್ವೆ ಕರಾವಳಿಯ ಹೆಸರಾಂತ ಹಡಗಿನ ದಾರಿ ಹುರ್ಟಿಗ್ರೂಟನ್. 1893ರಲ್ಲಿ ಕ್ಯಾಪ್ಟನ್ ರಿಚರ್ಡ್ ವಿತ್ ಶುರು ಮಾಡಿದ್ದು ಪ್ರವಾಸಿಗರಿಗಾಗಿ ಅಲ್ಲ, ಟಪಾಲು, ಸಾಮಾನು, ಜನರನ್ನು ಸಾಗಿಸಲು. ಈಗಲೂ ಬರ್ಗನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರುಗಳಲ್ಲಿ, ನಮ್ಮ ಸರ್ಕಾರಿ ಬಸ್ಸು ಊರೂರಿಗೆ ನಿಂತು ಹೋಗುವ ಹಾಗೆ, ನಿಂತು ಹೋಗುತ್ತದೆ. ಹೋಗಿ ಬರಲು ಹನ್ನೆರಡು ದಿನದಷ್ಟು ಬೇಕು. ಬರ್ಗನ್‌ನಲ್ಲಿ ಹತ್ತಿದ ರಾತ್ರಿ ಸೂರ್ಯ ಎಂದಿನಂತೆ ಮುಳುಗುತ್ತಾನೆ. ನಾಲ್ಕನೇ ದಿನ ಬೆಳಿಗ್ಗೆ ವಿಕಿಂಗೆನ್ ಎಂಬ ನಡುಗಡ್ಡೆಯ ಮೇಲೆ ನಿಲ್ಲಿಸಿದ ಲೋಹದ ಗೋಳ ಕಂಡಾಗ ಹಡಗು ಆರ್ಕ್ಟಿಕ್ ವೃತ್ತ ದಾಟಿತೆಂದು ಅರ್ಥ. ಒಟ್ಟು ಪ್ರವಾಸದ ಅರ್ಧದಷ್ಟು ರಾತ್ರಿಗಳು ಮಾತ್ರ ವೃತ್ತದ ಒಳಗೆ.

ತಿಂಗಳೂ ಮುಖ್ಯ. ಬೊಡೊ ನಗರದಲ್ಲಿ ಜೂನ್ ಮೊದಲ ವಾರದಿಂದ ಜುಲೈ ಎರಡನೇ ವಾರದವರೆಗೆ, ಟ್ರೊಮ್ಸೊದಲ್ಲಿ ಮೇ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ, ನಾರ್ಡ್‌ಕಾಪ್ ಭೂಶಿರದಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ. ಫಾರ್ವರ್ಡಿನ "76 ದಿನ" ಹುಟ್ಟಿದ್ದು ಈ ತುತ್ತತುದಿಯ ಲೆಕ್ಕದಿಂದ, ಅದನ್ನು ಇಡೀ ನಾರ್ವೆಗೆ ಹಚ್ಚಿಬಿಟ್ಟಿದ್ದಾರೆ. ದಿನ ಸರಿ ಇದ್ದರೂ ಉತ್ತರಕ್ಕೆ ಗುಡ್ಡ ಅಡ್ಡ ಬಂದರೆ, ಮೋಡ ಕವಿದರೆ ಬೆಳಕು ಮಾತ್ರ ಸಿಗುತ್ತದೆ, ಸೂರ್ಯ ಸಿಗುವುದಿಲ್ಲ. ಫೋಟೊ ತೆಗೆಯುವವರಿಗೆ ಇನ್ನೊಂದು ಮಾತು: ಟ್ರೊಮ್ಸೊದಲ್ಲಿ ಸೂರ್ಯ ಅತಿ ಕೆಳಗೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂ ಮುಕ್ಕಾಲರ ಸುಮಾರಿಗೆ. ನಮ್ಮ ನಡುಹಗಲು ಹನ್ನೆರಡೂವರೆಗೆ ಆಗುವುದಕ್ಕೆ ಕಾರಣವಾದ ಗಡಿಯಾರದ ವ್ಯತ್ಯಾಸವೇ ಅಲ್ಲಿಯೂ ಇದೆ, ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯೂ ಅದಕ್ಕೆ ಸೇರಿಕೊಳ್ಳುತ್ತದೆ.

ಇನ್ನು ನಾರ್ದರ್ನ್ ಲೈಟ್ಸ್. ಅದು ನಕ್ಷತ್ರಗಳ ಹಾಗೆ, ಕತ್ತಲಿಲ್ಲದೆ ಕಾಣದು. ಸೂರ್ಯನೇ ಮುಳುಗದ ಆಕಾಶದಲ್ಲಿ ಅದನ್ನು ತೋರಿಸುತ್ತೇವೆ ಎನ್ನುವುದು ಹಾಡಹಗಲೇ ನಕ್ಷತ್ರ ತೋರಿಸುತ್ತೇವೆ ಎಂದಂತೆ. ಉತ್ತರ ನಾರ್ವೆಯಲ್ಲಿ ಅದರ ಕಾಲ ಸೆಪ್ಟೆಂಬರ್‌ನಿಂದ ಏಪ್ರಿಲ್ ಮೊದಲ ಭಾಗದವರೆಗೆ. ಎರಡನ್ನೂ ನೋಡಬೇಕಾದರೆ ಎರಡು ಸಲ ಹೋಗಬೇಕು. ಜೂನ್ ಪ್ಯಾಕೇಜಿನಲ್ಲಿ ಎರಡೂ ಬರೆದಿದ್ದರೆ ಮುಂಗಡ ಕಟ್ಟುವ ಮೊದಲು ಇದೊಂದನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

24 ತಾಸು ಬಿಸಿಲಿದ್ದರೆ ಸುಟ್ಟುಹೋಗುವುದಿಲ್ಲವೇ?

ಏಪ್ರಿಲ್ ಬಿಸಿಲು ಉಂಡ ವಿಜಯಪುರದವರು ಕೇಳಲೇಬೇಕಾದ ಪ್ರಶ್ನೆ. ಟ್ರೊಮ್ಸೊದಲ್ಲಿ ಜೂನ್ 21ರ ನಡುಹಗಲೂ ಸೂರ್ಯ 44 ಡಿಗ್ರಿಗಿಂತ ಮೇಲೇರುವುದಿಲ್ಲ, ನಡುರಾತ್ರಿ ಬರೀ 3 ಡಿಗ್ರಿ ಎತ್ತರ. ಟಾರ್ಚನ್ನು ನೆಲಕ್ಕೆ ನೇರ ಹಿಡಿದು ನೋಡಿ, ಆಮೇಲೆ ಓರೆ ಹಿಡಿದು ನೋಡಿ. ಓರೆ ಹಿಡಿದಾಗ ಅದೇ ಬೆಳಕು ಅಗಲಕ್ಕೆ ಹರಡಿ ಮಂದವಾಗುತ್ತದೆ. ಜುಲೈನಲ್ಲೂ ಅಲ್ಲಿ ಸ್ವೆಟರ್ ಬೇಕು. ಬೇಸಿಗೆಯಲ್ಲಿ ಪಡೆದ ಬೆಳಕನ್ನು ಚಳಿಗಾಲದಲ್ಲಿ ಕಟ್ಟಬೇಕು ಕೂಡ: ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ.

ಅಪ್ಪ ಅವ್ವ ಹೊರಟಿದ್ದರೆ

ಮಗ ಅಥವಾ ಮಗಳು ಆ ಕಡೆ ಕೆಲಸದಲ್ಲಿದ್ದು, ಊರಿನಿಂದ ಅಪ್ಪ ಅವ್ವನನ್ನು ಕರೆಸಿಕೊಂಡು ಹಡಗು ಹತ್ತಿಸುವವರು ಇದನ್ನು ಓದಿ. ಕತ್ತಲಾದರೆ ನಮ್ಮ ಮೆದುಳು ಮೆಲಟೋನಿನ್ ಎಂಬ ಹಾರ್ಮೋನು ಬಿಡುತ್ತದೆ, ನಿದ್ದೆಯ ಹೊತ್ತಾಯಿತೆಂದು ಮೈಗೆ ತಿಳಿಯುವುದು ಅದರಿಂದ. ಬೆಳಕು ಇದ್ದೇ ಇದ್ದರೆ ಅದು ಹಿಂದೆ ಸರಿಯುತ್ತದೆ. ರಾತ್ರಿ ಹನ್ನೊಂದಾದರೂ ಇನ್ನೂ ಸಂಜೆಯೆಂದೇ ಅನಿಸಿ ಊಟ ತಡವಾಗುತ್ತದೆ, ಊಟದ ಜೊತೆಗಿನ ಸಕ್ಕರೆ ಕಾಯಿಲೆಯ ಗುಳಿಗೆಯೂ ತಡವಾಗುತ್ತದೆ. ಬೇಸಿಗೆಯಲ್ಲಿ ನಾರ್ವೆಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲೇ ತಮ್ಮ ಡಾಕ್ಟರ ಹತ್ತಿರ ಹೊಸ ವೇಳೆ ಬರೆಸಿಕೊಳ್ಳಲಿ. ಅಲ್ಲಿ ಆಕಾಶ ನೋಡದೆ ಮೊಬೈಲ್ ಅಲಾರಂ ನೋಡಿ ಗುಳಿಗೆ ನುಂಗಲಿ. ಮಲಗುವಾಗ ಕಿಟಕಿಗೆ ದಪ್ಪ ಪರದೆ, ಅದಿಲ್ಲದಿದ್ದರೆ ಕಣ್ಣಿಗೆ ಪಟ್ಟಿ.

"ಅಲ್ಲಿ ರಂಜಾನ್ ಬಂದರೆ 24 ಗಂಟೆ ರೋಜಾ" ಎಂಬ ಸಂದೇಶವೂ ಉಂಟು. 2015ರಲ್ಲಿ ರಂಜಾನ್ ಜೂನ್-ಜುಲೈನಲ್ಲೇ ಬಿದ್ದಿತ್ತು. ಇಂಥ ಊರುಗಳ ಮುಸ್ಲಿಮರಲ್ಲಿ ಕೆಲವರು ಮೆಕ್ಕಾದ ವೇಳೆಯನ್ನೂ ಕೆಲವರು ಸೂರ್ಯ ಮುಳುಗುವ ಹತ್ತಿರದ ಊರಿನ ವೇಳೆಯನ್ನೂ ಅನುಸರಿಸುತ್ತಾರೆ.

ಕೊನೆಗೆ ಆ ವಿಡಿಯೊ: ರಷ್ಯಾ-ಕೆನಡಾ ನಡುವಿನ ಹಿಮಪ್ರದೇಶದಲ್ಲಿ ದೈತ್ಯ ಚಂದ್ರ ಮೂವತ್ತು ಸೆಕೆಂಡ್ ಕಾಣಿಸಿ, ಸೂರ್ಯನನ್ನು ಮುಚ್ಚಿ ಮಾಯವಾಗುವುದು. ಅದು ಕಂಪ್ಯೂಟರಿನಲ್ಲಿ ಮಾಡಿದ ಆನಿಮೇಷನ್. ಇಂದು ರಾತ್ರಿ ಕೈ ನೀಡಿ ಕಿರುಬೆರಳನ್ನು ಚಂದ್ರನ ಮುಂದೆ ಹಿಡಿಯಿರಿ, ಬೆರಳಿನ ಹಿಂದೆ ಪೂರ್ತಿ ಅಡಗುತ್ತಾನೆ. ಭೂಮಿಯ ಯಾವ ಮೂಲೆಗೆ ಹೋದರೂ ಅವನ ಗಾತ್ರ ಹೆಚ್ಚುಕಡಿಮೆ ಇಷ್ಟೇ.