ಪಿಯುಸಿ ಮಕ್ಕಳು ಮತ್ತು ಕಾನೂನು ಪದವಿ

ಭೀಮಸಮುದ್ರದಂಥ ಅಡಿಕೆ ಊರುಗಳಲ್ಲಿ ಮಗು ಹತ್ತನೆಯ ತರಗತಿಯಲ್ಲಿ ಚೆನ್ನಾಗಿ ಓದಿದರೆ ಮನೆಯವರ ಬಾಯಲ್ಲಿ ಬರುವುದು ಎರಡೇ ಮಾತು: ಡಾಕ್ಟರ್, ಇಲ್ಲವೇ ಎಂಜಿನಿಯರ್. ವಕೀಲ ವೃತ್ತಿಯ ನೆನಪಾಗುವುದು ಜಮೀನಿನ ತಕರಾರು ಕೋರ್ಟಿಗೆ ಹೋದಾಗ ಮಾತ್ರ. ಆದರೆ ಈ ಜಿಲ್ಲೆಗೆ ವಕೀಲರು ಹೊಸಬರಲ್ಲ. ಮುಂದೆ ರಾಜ್ಯದ ಮುಖ್ಯಮಂತ್ರಿಯಾದ ಎಸ್. ನಿಜಲಿಂಗಪ್ಪನವರು 1926ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಪಡೆದು ಚಿತ್ರದುರ್ಗದಲ್ಲೇ ವಕೀಲಿ ನಡೆಸಿದವರು.

ಇಂದು ಪುಣೆಗೆ ಹೋಗಬೇಕಿಲ್ಲ. ದ್ವಿತೀಯ ಪಿಯುಸಿ ಮುಗಿಸಿದವರು, ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನೇ ಓದಿರಲಿ, ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಸಾಮಾನ್ಯ ವರ್ಗದವರಿಗೆ ಶೇಕಡ 45 ಅಂಕ ಬೇಕು. ಪರಿಶಿಷ್ಟರಿಗೆ 40 ಸಾಕು. ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜು, ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜು ಇವೆಲ್ಲ ಹುಬ್ಬಳ್ಳಿಯಲ್ಲಿ 2009ರಲ್ಲಿ ಆರಂಭವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಯವು. ಸೇರುವ ಮುನ್ನ ಆ ವರ್ಷ ವಕೀಲ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಧೈರ್ಯವಾಗಿ ಕೇಳಿರಿ.

ಇನ್ನೊಂದು ದಾರಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯದು. ಅದಕ್ಕೆ ಕ್ಲ್ಯಾಟ್ ಪರೀಕ್ಷೆ ಬರೆಯಬೇಕು. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ, ಎಲ್ಲವೂ ಇಂಗ್ಲಿಷಿನಲ್ಲಿ. ನಮ್ಮ ಮಕ್ಕಳಿಗೆ ಅಡ್ಡಿಯಾಗುವುದು ಈ ಕಡೆಯದೇ ಹೊರತು ಕಾನೂನಲ್ಲ. ಏಕೆಂದರೆ ಕಾನೂನು ಮೊದಲೇ ಗೊತ್ತಿರಬೇಕಿಲ್ಲ. ನಿಯಮವನ್ನು ಪ್ರಶ್ನೆಪತ್ರಿಕೆಯೇ ಕೊಡುತ್ತದೆ.

ಉದಾಹರಣೆಗೆ, ಹೇಳಿದ ಬೆಲೆಯನ್ನು ಬದಲಿಸಿ ಒಪ್ಪಿದರೆ ಅದು ಒಪ್ಪಿಗೆಯಲ್ಲ, ಹೊಸ ಪ್ರಸ್ತಾಪ ಎಂಬುದು ನಿಯಮ. ಬೆಳೆಗಾರನೊಬ್ಬ ಕ್ವಿಂಟಲ್ ಅಡಿಕೆಗೆ 45,000 ಹೇಳಿದ. ವ್ಯಾಪಾರಿ, "ಆಗಲಿ, 44,000ಕ್ಕೆ ಕೊಡಿ" ಎಂದ. ಬೆಳೆಗಾರ ಮರುಮಾತಾಡದೆ ಬೇರೆಯವನಿಗೆ ಮಾರಿದ. ಕರಾರು ಮುರಿದನೇ? ಇಲ್ಲ, ಕರಾರು ಆಗಿಯೇ ಇರಲಿಲ್ಲ. ಮಂಡಿ ಕಂಡ ಮಕ್ಕಳಿಗೆ ಇದು ಕಷ್ಟವೇ? ಅದನ್ನೇ ಇಂಗ್ಲಿಷಿನಲ್ಲಿ ಓದಿ ಬೇಗ ಉತ್ತರಿಸುವ ಅಭ್ಯಾಸ ಬೇಕು, ಅಷ್ಟೆ. ಪ್ರಥಮ ಪಿಯುಸಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿಸಿ, ಅದರಲ್ಲಿ ಏನು ವಾದ ಮಾಡಿದ್ದಾರೆಂದು ರಾತ್ರಿ ಊಟದ ಹೊತ್ತಿಗೆ ಕನ್ನಡದಲ್ಲಿ ಹೇಳಿಸಿರಿ. ಕೇಳಿಸಿಕೊಳ್ಳಲು ನಿಮಗೆ ಇಂಗ್ಲಿಷ್ ಬರಬೇಕೆಂದಿಲ್ಲ.

ಇನ್ನು ಅನೇಕರಿಗೆ ತಿಳಿಯದ ಸಂಗತಿ. ಕರ್ನಾಟಕದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಬೆಂಗಳೂರಿನ ಆ ಶಾಲೆ 2021ರಿಂದ ಶೇಕಡ 25 ಸೀಟು ಮೀಸಲಿಟ್ಟಿದೆ. ಹಳ್ಳಿಯ ಸರ್ಕಾರಿ ಶಾಲೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ವ್ಯಾಸಂಗ ಪ್ರಮಾಣಪತ್ರಗಳನ್ನು ಈಗಲೇ ತೆಗೆದಿಡಿ. ಶಾಲೆ ಮುಚ್ಚಿದ ಮೇಲೆ ಕಾಗದಕ್ಕಾಗಿ ಅಲೆಯುವ ಪಾಡು ಬೇಡ.

ಖರ್ಚಿನ ಮಾತು ಮುಚ್ಚಿಡಲಾಗದು. ಇತ್ತೀಚಿನ ವರ್ಷಗಳಲ್ಲಿ ಅರ್ಜಿಗೇ 4,000 ರೂಪಾಯಿ. ಸೀಟು ಸಿಕ್ಕರೆ ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ. ಶಿಷ್ಯವೇತನಗಳಿವೆ, ಆದರೆ ಕೇಳಿದವರಿಗೆ ಮಾತ್ರ. ಸಾಲ ಮಾಡಿಯೇ ತೀರಬೇಕೆಂದು ನಾನು ಹೇಳಲಾರೆ. ಜಿಲ್ಲಾ ಕಾಲೇಜಿನಲ್ಲಿ ಓದಿದವರಿಗೂ ನ್ಯಾಯಾಲಯದ ಬಾಗಿಲು ತೆರೆದೇ ಇದೆ.

ದಿನಾಂಕದ ಬಗ್ಗೆ ಎಚ್ಚರ. ಅರ್ಜಿ ತುಂಬುವ ಸಮಯ ಬರುವುದು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೇ. ಪರೀಕ್ಷೆ 2023, 2024, 2025ರಲ್ಲಿ ಡಿಸೆಂಬರ್ ಮೊದಲ ಭಾನುವಾರ ಮಧ್ಯಾಹ್ನ ಎರಡಕ್ಕೆ ನಡೆಯಿತು. ಅದು ಆಗಮನ ಕಾಲದ ಭಾನುವಾರ. ಕೇಂದ್ರ ದೂರದ ನಗರದಲ್ಲಿ ಸಿಕ್ಕರೆ ಶನಿವಾರವೇ ಹೊರಟು, ಬೆಳಗಿನ ಪೂಜೆಯನ್ನು ಅಲ್ಲಿಯೇ ಮುಗಿಸಿಕೊಳ್ಳಬಹುದು.