ಸಣ್ಣ ಅಂಗಡಿಗೂ ಎಟುಕುವ ಮಾತಿನ ಜಾಹೀರಾತು

ನಮ್ಮ ಕಡೆ ಊರಲ್ಲಿ ಪೌರಾಣಿಕ ನಾಟಕ ಆಡುವಾಗ ಕರಪತ್ರ ಹಂಚುತ್ತಾರೆ. ಅದರ ಕೆಳಗಡೆ ಗೊಬ್ಬರದ ಅಂಗಡಿ, ಬಟ್ಟೆ ಅಂಗಡಿ, ಹೋಟೆಲು ಎಲ್ಲರ ಹೆಸರೂ ಸಾಲಾಗಿ ಇರುತ್ತದೆ. ಸೀನರಿ ಬಾಡಿಗೆಗೆ ಅವರು ಕೈಲಾದಷ್ಟು ಕೊಟ್ಟಿರುತ್ತಾರೆ. ಪಾಡ್‌ಕಾಸ್ಟಿಗೆ ಪ್ರಾಯೋಜಕರು ಅಂದರೂ ಇದೇ ಲೆಕ್ಕ. ಕಾಗದದ ಬದಲು ಬಾಯಿಮಾತು.

ಪಾಡ್‌ಕಾಸ್ಟ್ ಎಂದರೆ ಬ್ರಹ್ಮವಿದ್ಯೆ ಏನಲ್ಲ. ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡಿ ಅಂತರ್ಜಾಲಕ್ಕೆ ಏರಿಸುತ್ತಾರೆ, ಬೇಕಾದವರು ಬಿಡುವಾದಾಗ ಕೇಳುತ್ತಾರೆ. ಭದ್ರಾವತಿ ಆಕಾಶವಾಣಿಯಲ್ಲಿ ರೈತರ ಕಾರ್ಯಕ್ರಮ ಬರುವ ಹೊತ್ತಿಗೆ ನಾವು ಹೊಲದಲ್ಲಿದ್ದರೆ ಅದು ತಪ್ಪಿಹೋಯಿತು. ಇದು ಹಾಗಲ್ಲ, ಕಳೆ ಕೀಳುತ್ತಾ ಕೇಳಬಹುದು. ಪಾಡ್‌ಕಾಸ್ಟ್ ಎಂಬ ಹೆಸರು ಹುಟ್ಟಿದ್ದು 2004ರಲ್ಲಿ. ಪ್ರಾಯೋಜಕರು ಮಾತ್ರ ಅದಕ್ಕಿಂತ ಬಹಳ ಹಳಬರು. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಶುರುವಾದ 'ಬಿನಾಕಾ ಗೀತಮಾಲಾ'ಕ್ಕೆ ಟೂತ್‌ಪೇಸ್ಟಿನ ಹೆಸರೇ ಅಂಟಿಕೊಂಡಿತ್ತು. ಅಷ್ಟು ದೂರ ಯಾಕೆ, ನಮ್ಮೂರಿನ ದೇವಸ್ಥಾನ ನೋಡಿ. 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದಂಡನಾಯಕನ ಹೆಸರೇ ದೇವರಿಗೂ ಇದೆ. ಶಾಸನ ಬರೆದುಕೊಟ್ಟವನು ಕವಿ ಜನ್ನ!

ಈಗ ದರದ ವಿಚಾರ. ದೊಡ್ಡ ಕಾರ್ಯಕ್ರಮಗಳಲ್ಲಿ ಸಾವಿರ ಸಲ ಕೇಳಿದರೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಸುತ್ತಲಿನ ಹತ್ತು ಹಳ್ಳಿಯವರು ಕೇಳುವ ಕಾರ್ಯಕ್ರಮಕ್ಕೆ ಆ ಲೆಕ್ಕ ಹಿಡಿದರೆ ಟೀ ಖರ್ಚೂ ಹುಟ್ಟುವುದಿಲ್ಲ. ಮುನ್ನೂರು ಜನ ಕೇಳುತ್ತಾರೆ ಅನ್ನಿ. ಸೋಪಿನ ಕಂಪನಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ತರೀಕೆರೆಯಲ್ಲಿ ಮೋಟಾರು ವೈಂಡಿಂಗ್ ಮಾಡುವವನಿಗೆ ಆ ಮುನ್ನೂರರಲ್ಲಿ ಬೋರ್‌ವೆಲ್ ಇರುವವರೆಲ್ಲ ಗಿರಾಕಿಗಳೇ. ಆದ್ದರಿಂದ ಒಂದು ಕಂತಿಗೆ ಇಷ್ಟು ಎಂದು ಗುತ್ತಿಗೆ ದರ ಮಾತಾಡಿಕೊಳ್ಳುವುದೇ ಇಬ್ಬರಿಗೂ ಅನುಕೂಲ.

ಆ ಗುತ್ತಿಗೆ ಎಷ್ಟಿರಬೇಕು? ಅಳತೆಗೋಲು ಬೇಕಾದರೆ ಸಮುದಾಯ ರೇಡಿಯೋ ನೋಡಬಹುದು. 2006ರ ಕೇಂದ್ರದ ನೀತಿಯಲ್ಲೇ ಸ್ಥಳೀಯ ಅಂಗಡಿ, ಸೇವೆ, ಉದ್ಯೋಗಾವಕಾಶಗಳ ಜಾಹೀರಾತಿಗೆ ಗಂಟೆಗೆ 5 ನಿಮಿಷ ಬಿಟ್ಟಿದ್ದರು. 2024ರಲ್ಲಿ ಅದನ್ನು 12 ನಿಮಿಷ ಮಾಡಿದರು. ಅದೇ ವರ್ಷ, ಸರ್ಕಾರ ತಾನು ಕೊಡುವ ಜಾಹೀರಾತಿಗೆ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದನ್ನು 74ಕ್ಕೆ ಏರಿಸಿತು. ಅದು ಸರ್ಕಾರಿ ದರ, ಊರಿನವರು ಅದನ್ನೇ ಹಿಡಿಯಬೇಕೆಂದಿಲ್ಲ. ಆದರೂ ಲೆಕ್ಕಕ್ಕೆ ಇಟ್ಟುಕೊಳ್ಳೋಣ. 20 ಸೆಕೆಂಡಿಗೆ 148 ರೂಪಾಯಿ, ವಾರಕ್ಕೊಂದರಂತೆ ನಾಲ್ಕು ಕಂತಿಗೆ 592. ಗಾಣದ ಎಣ್ಣೆ ಮಾರುವವರಿಗೆ ಲೀಟರಿಗೆ 40 ರೂಪಾಯಿ ಉಳಿಯುವುದಾದರೆ ತಿಂಗಳಿಗೆ 15 ಲೀಟರು ಹೆಚ್ಚಿಗೆ ಹೋಗಬೇಕು. ಹೋದರೆ ಹಾಕಿದ ಹಣ ಬಂತು. ಹೋಗದಿದ್ದರೆ ದರ ಇಳಿಸಿ ಎಂದು ಕೇಳಿ, ಇಲ್ಲವೇ ಬಿಡಿ.

ಹೆಚ್ಚಿಗೆ ಹೋಗಿದೆ ಅಂತ ಗೊತ್ತಾಗುವುದು ಹೇಗೆ? ಎಷ್ಟು ಜನ ಒತ್ತಿದರು ಎಂದು ಮೊಬೈಲು ತೋರಿಸುತ್ತದೆ. ಒತ್ತಿದವರೆಲ್ಲ ಕೊನೆತನಕ ಕೇಳಿರುತ್ತಾರೆ ಅನ್ನುವ ಭರವಸೆ ಇಲ್ಲ. ಹೊಸಬರು ಬಂದರೆ "ಯಾರು ಹೇಳಿದ್ರು?" ಎಂದು ಕೇಳಿ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಟು ಎಳೆಯಿರಿ. ತಿಂಗಳ ಕೊನೆಗೆ ಗೀಟು ಎಣಿಸಿದರೆ ಆಯಿತು.

ಹೇಳುವ ಮಾತು ಕಾರ್ಯಕ್ರಮ ನಡೆಸುವವರ ದನಿಯಲ್ಲೇ ಇದ್ದರೆ ಒಳ್ಳೆಯದು. 20 ಸೆಕೆಂಡಿಗೆ ನಲವತ್ತು ಪದ ಮೀರಬಾರದು. ಬಾಜಾಬಜಂತ್ರಿ ಬೇಡ, "ಸುಪ್ರಸಿದ್ಧ", "ವಿಶ್ವಾಸಾರ್ಹ" ಇವೂ ಬೇಡ. ಹೀಗೆ ಹೇಳಿದರೆ ಸಾಕು: "ಈ ಕಂತಿನ ಖರ್ಚಿಗೆ ದುಡ್ಡು ಕೊಟ್ಟವರು ಬಸ್ ಸ್ಟ್ಯಾಂಡ್ ಹಿಂದಿನ ಮೋಟಾರ್ ರಿಪೇರಿ ಅಂಗಡಿಯವರು. ಬೆಳಿಗ್ಗೆ ಎಂಟರೊಳಗೆ ಮೋಟಾರು ತಂದ್ರೆ ಸಂಜೆಗೆ ವೈಂಡಿಂಗ್ ಮುಗಿಸಿ ಕೊಡ್ತಾರೆ. ಭಾನುವಾರ ರಜ." ಬೆಲೆ, ಜಾಗ, ಹೊತ್ತು, ಇವಷ್ಟೇ ಕೇಳುವವರಿಗೆ ಬೇಕಾದ್ದು.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ರೈತರಿಗೆ ಸಲಹೆ ಕೊಡುವ ಕಾರ್ಯಕ್ರಮಕ್ಕೆ ಔಷಧಿ, ಟಾನಿಕ್ಕು ಮಾರುವವರ ದುಡ್ಡು ಬೇಡ. ಈರುಳ್ಳಿಗೆ ನೇರಳೆ ಮಚ್ಚೆ ಬಂದಾಗ ನಾವು ಕಿವಿಗೊಟ್ಟು ಕೇಳುವುದು "ಏನು ಹೊಡೆಯಬೇಕು, ಹೊಡೆಯಲೇಬೇಕಾ" ಅಂತ. ಬಾಟಲಿ ಮಾರುವವನೇ ಕಾರ್ಯಕ್ರಮಕ್ಕೆ ದುಡ್ಡು ಕೊಟ್ಟಿದ್ದರೆ "ಈಗ ಏನೂ ಬೇಡ, ನಾಲ್ಕು ದಿನ ನೋಡಿ" ಎಂಬ ಮಾತು ಹೇಳುವವರ ಬಾಯಿಗೆ ಬರುವುದು ಕಷ್ಟ. ಮಳೆ ನಂಬಿದ ನಮ್ಮ ಬೇಸಾಯದಲ್ಲಿ ಒಂದು ಸಲ ಸುಮ್ಮನೆ ಔಷಧಿ ಹೊಡೆದರೂ ಆ ಖರ್ಚು ಮತ್ತೆ ಹುಟ್ಟುವುದಿಲ್ಲ. ಎತ್ತಿನ ಗಾಡಿ ರಿಪೇರಿ, ಹಿಟ್ಟಿನ ಗಿರಣಿ, ಹೊಲಿಗೆ ಅಂಗಡಿ, ಸಸಿ ಬೆಳೆಸುವವರು, ಅವರೆಕಾಳು ಮಾರುವ ಮಹಿಳಾ ಸಂಘ, ಇವರ ದುಡ್ಡಿಗೆ ಈ ತಂಟೆ ಇಲ್ಲ.

ಹಣ ಪಡೆದು ಹೇಳಿದ್ದನ್ನು ಹಾಗೆಂದು ತಿಳಿಸಲೇಬೇಕು ಎಂದು ಕೇಂದ್ರ ಸರ್ಕಾರದ 2022ರ ಮಾರ್ಗಸೂಚಿಯಲ್ಲಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ತಯಾರಿಸಿದವರಿಗೆ ಮಾತ್ರವಲ್ಲ, ಹೊಗಳಿ ಹೇಳಿದವರಿಗೂ ಅದು ಬೀಳಬಹುದು. ಆದ್ದರಿಂದ "ಎಕರೆಗೆ ಇಷ್ಟು ಚೀಲ ಗ್ಯಾರಂಟಿ" ಎಂದು ಬರೆದುಕೊಟ್ಟರೆ ಓದಬೇಡಿ.

ಕೊಡುವವರಿಗೂ ಒಂದು ಸೂಚನೆ. ವರ್ಷಪೂರ್ತಿ ಕೊಡುವ ಅಗತ್ಯವಿಲ್ಲ. ಕುಂಟೆ, ಕೂರಿಗೆ ಮಾಡುವ ಬಡಗಿ ಮುಂಗಾರಿಗೆ ಮುಂಚೆ ಆರು ವಾರ ಕೊಟ್ಟರೆ ಸಾಕು, ಗೋಣಿಚೀಲ ಮಾರುವವರು ಒಕ್ಕಣೆ ಕಾಲಕ್ಕೆ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಮೂವರು ಅಂಗಡಿಯವರು ಸೇರಿ ಒಂದು ಕಂತು ಹಂಚಿಕೊಳ್ಳಬಹುದು. ಎಷ್ಟು ಕಂತು, ಎಷ್ಟು ಸೆಕೆಂಡು, ಹೆಸರು ಎಷ್ಟು ಸಲ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಅರ್ಧ ಹಣ ಮೊದಲೇ ಕೊಟ್ಟು, ಉಳಿದರ್ಧ ಕೊನೆಯ ಕಂತು ಕೇಳಿದ ಮೇಲೆ ಕೊಡಿ.