ಕಾಲ್ಚೆಂಡಿನ ತರಬೇತುದಾರರೂ ಆಕಸ್ಮಿಕದ ಲೆಕ್ಕವೂ

ಕಾಲ್ಚೆಂಡಿನ ಸಂಘವೊಂದಕ್ಕೆ ಹೊಸ ತರಬೇತುದಾರರು ಬಂದರೆಂದರೆ ಅಭಿಮಾನಿಗಳ ನಾಲಗೆಗೆ ಬಿಡುವಿರುವುದಿಲ್ಲ. ಮೊದಲ ನಾಲ್ಕು ಪಂದ್ಯಗಳನ್ನು ಗೆದ್ದರೆ ಹಳಬರೆಲ್ಲರಿಗಿಂತ ಇವರೇ ಸಮರ್ಥರೆಂಬ ಹೊಗಳಿಕೆ. ನಾಲ್ಕನ್ನು ಸೋತರೆ ಹಿಂದಿನವರ ಕಾಲವೇ ಕಾಲವೆಂಬ ನಿಟ್ಟುಸಿರು. ಸಂಘದ ಒಡೆಯರೂ ಬಹುಮಟ್ಟಿಗೆ ಇದೇ ತಕ್ಕಡಿಯಲ್ಲಿ ತೂಗಿ ಒಬ್ಬರನ್ನು ಕಳುಹಿಸಿ ಇನ್ನೊಬ್ಬರನ್ನು ಕರೆತರುತ್ತಾರೆ. ಒಬ್ಬ ಮನುಷ್ಯನ ಅನ್ನವೂ ಹೆಸರೂ ಈ ತೂಕವನ್ನು ಅವಲಂಬಿಸಿರುವಾಗ, ತಕ್ಕಡಿಯು ಎಷ್ಟು ನಿಖರವಾದುದೆಂದು ಕೇಳುವುದು ಅನುಚಿತವಾಗಲಾರದು. ಅಳತೆಯ ಮಾತು ಬಂದಾಗ ಭೌತವಿಜ್ಞಾನಕ್ಕೂ ಹೇಳುವುದಕ್ಕೆ ಒಂದೆರಡು ಮಾತುಗಳಿವೆ.

ನಮ್ಮ ನಾಡಿನ ಸಂಘವೊಂದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬೆಂಗಳೂರು ಎಫ್.ಸಿ. ಸ್ಥಾಪನೆಯಾದುದು 2013ರಲ್ಲಿ. ಮೊದಲ ತರಬೇತುದಾರ ಆಶ್ಲೀ ವೆಸ್ಟ್‌ವುಡ್ ಅವರ ಕೈಯಲ್ಲಿ ಅದು ತನ್ನ ಮೊತ್ತಮೊದಲ ವರ್ಷವೇ ಐ-ಲೀಗ್ ಪ್ರಶಸ್ತಿಯನ್ನು ಪಡೆಯಿತು. 2015-16ರಲ್ಲಿ ಮತ್ತೊಮ್ಮೆ ಪಡೆಯಿತು. ಬಳಿಕ ಬಂದ ಆಲ್ಬರ್ಟ್ ರೋಕಾ ಅವರ ಕಾಲದಲ್ಲಿ, 2016ರಲ್ಲಿ, ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯವನ್ನು ಮುಟ್ಟಿದ ಮೊದಲ ಭಾರತೀಯ ಸಂಘವೆಂಬ ಕೀರ್ತಿ ಅದಕ್ಕೆ ಸಂದಿತು. 2017-18ರಲ್ಲಿ ಇಂಡಿಯನ್ ಸೂಪರ್ ಲೀಗನ್ನು ಸೇರಿ, 18 ಪಂದ್ಯಗಳಲ್ಲಿ 40 ಅಂಕಗಳೊಡನೆ ಪಟ್ಟಿಯ ತುದಿಯಲ್ಲಿ ನಿಂತಿತು. ಆದರೆ ಅಂತಿಮ ಪಂದ್ಯದಲ್ಲಿ ಚೆನ್ನೈಯಿನ್ ತಂಡಕ್ಕೆ 2-3ರಿಂದ ಸೋತಿತು. ರೋಕಾ ಅವರಿಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ 2018ರಲ್ಲಿ ಮುಖ್ಯ ತರಬೇತುದಾರರಾದರು. ಅವರ ತಂಡ 18 ಪಂದ್ಯಗಳಲ್ಲಿ ಗಳಿಸಿದುದು 34 ಅಂಕ. ಆದರೂ 2019ರ ಅಂತಿಮ ಪಂದ್ಯದ 117ನೆಯ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಪ್ರಶಸ್ತಿ ದೊರಕಿತು. ಅನಂತರ ಮಾರ್ಕೊ ಪೆಟ್ಸಾಯುವೋಲಿ, ಸೈಮನ್ ಗ್ರೇಸನ್, ಜೆರಾರ್ಡ್ ಜರಗೋಜ ಕ್ರಮವಾಗಿ ಬಂದರು. ಜರಗೋಜ ಅವರ ತಂಡ 2024-25ರಲ್ಲಿ 24 ಪಂದ್ಯಗಳಿಂದ 38 ಅಂಕ ಗಳಿಸಿ, 2025ರ ಏಪ್ರಿಲಿನ ಅಂತಿಮ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ ಮೋಹನ್ ಬಾಗಾನ್ ತಂಡಕ್ಕೆ 1-2ರಿಂದ ಸೋತಿತು.

ಈಗ ಪ್ರಶ್ನೆ ಇದು: ರೋಕಾ ಹೆಚ್ಚೋ, ಕ್ವಾದ್ರಾತ್ ಹೆಚ್ಚೋ? ಪ್ರಶಸ್ತಿಯನ್ನು ನೋಡಿದರೆ ಎರಡನೆಯವರು. ಅಂಕಗಳನ್ನು ನೋಡಿದರೆ ಮೊದಲನೆಯವರು. ಉತ್ತರ ಕೊಡುವ ಮುನ್ನ ಓದುಗರು ಒಂದು ಸುಲಭವಾದ ಪ್ರಯೋಗವನ್ನು ಮನೆಯಲ್ಲಿಯೇ ಮಾಡಿ ನೋಡಬೇಕೆಂದು ನಮ್ಮ ಕೋರಿಕೆ.

ದಾಳದ ಪ್ರಯೋಗ

ಆರು ಮುಖಗಳ ಒಂದು ದಾಳ ಸಾಕು. ಎಸೆದಾಗ 1, 2 ಅಥವಾ 3 ಬಿದ್ದರೆ ಗೆಲುವು, ಮೂರು ಅಂಕ. 4 ಬಿದ್ದರೆ ಸಮ, ಒಂದು ಅಂಕ. 5 ಅಥವಾ 6 ಬಿದ್ದರೆ ಸೋಲು, ಸೊನ್ನೆ. ಹದಿನೆಂಟು ಬಾರಿ ಎಸೆದರೆ ಒಂದು ವರ್ಷದ ಆಟ ಮುಗಿಯಿತು. ಇಂತಹ ಅನೇಕ 'ವರ್ಷ'ಗಳ ಸರಾಸರಿ 30 ಅಂಕವಾಗುವುದೆಂದು ಗಣಿತದಿಂದ ತಿಳಿಯುತ್ತದೆ. ಆದರೆ ಪ್ರತಿ ವರ್ಷವೂ 30 ಬರುವುದಿಲ್ಲ. ಮೂರು ವರ್ಷಗಳಲ್ಲಿ ಸುಮಾರು ಎರಡರಷ್ಟು 24ರಿಂದ 36ರ ಒಳಗೆ ಬೀಳುತ್ತವೆ. ಉಳಿದವು ಅದಕ್ಕೂ ಆಚೆ. ಎಂದರೆ ಆರು ಅಂಕಗಳ ಏರಿಳಿತ ಇಲ್ಲಿ ಸಹಜವಾದುದು. ಒಂದು ವರ್ಷ 24, ಮರುವರ್ಷ 36 ಬಂದರೆ ಪತ್ರಿಕೆಗಳು ಅದನ್ನು ಪುನರ್ಜನ್ಮವೆಂದು ವರ್ಣಿಸಬಹುದು. ಆದರೆ ದಾಳ ಅದೇ ದಾಳ. ಅದಕ್ಕೆ ಯಾವ ತರಬೇತುದಾರರೂ ಇಲ್ಲ.

ಎರಡು ಅಳತೆಗಳನ್ನು ಕಳೆದಾಗ ಅವುಗಳ ದೋಷಗಳು ಕಳೆಯುವುದಿಲ್ಲ, ಕೂಡುತ್ತವೆ, ಆದರೆ ನೇರವಾಗಿಯಲ್ಲ. ವರ್ಗಗಳನ್ನು ಕೂಡಿಸಿ ವರ್ಗಮೂಲವನ್ನು ತೆಗೆಯಬೇಕು. ಆರರ ವರ್ಗ 36. ಎರಡು 36 ಸೇರಿ 72. ಅದರ ವರ್ಗಮೂಲ ಸುಮಾರು ಎಂಟೂವರೆ. ರೋಕಾ ಮತ್ತು ಕ್ವಾದ್ರಾತ್ ಅವರ ಆ ಎರಡು ವರ್ಷಗಳ ವ್ಯತ್ಯಾಸ 40ರಲ್ಲಿ 34 ಕಳೆದರೆ ಆರು. ದೋಷವೇ ಎಂಟೂವರೆಯಾಗಿರುವಲ್ಲಿ ಆರರ ಅಂತರವನ್ನು ಹಿಡಿದು ತೀರ್ಪು ಹೇಳುವುದು, ಅಂಗಡಿಯ ತಕ್ಕಡಿಯಲ್ಲಿ ಚಿನ್ನವನ್ನು ತೂಗಿದಂತೆ.

ಹಾಗಾದರೆ ಎಷ್ಟು ಪಂದ್ಯಗಳಾದರೆ ನಿಶ್ಚಯವಾಗಿ ಹೇಳಬಹುದು? ವ್ಯತ್ಯಾಸವು ದೋಷದ ಎರಡರಷ್ಟಾದರೂ ಇರಬೇಕೆಂಬುದು ಪ್ರಯೋಗಶಾಲೆಗಳಲ್ಲಿ ರೂಢಿಯಾದ ನಿಯಮ. ಇಬ್ಬರೂ ಇದೇ ರೀತಿಯಲ್ಲಿ ಎಂಟು ವರ್ಷ ಆಡಿಸಿದರೆನ್ನಿ. ಅಂತರ ಎಂಟುಪಟ್ಟಾಗಿ 48 ಅಂಕವಾಗುತ್ತದೆ. ದೋಷವಾದರೋ ಎಂಟರ ವರ್ಗಮೂಲದಷ್ಟು ಮಾತ್ರ ಬೆಳೆದು 24 ಆಗುತ್ತದೆ. ಆಗ, ಎಂದರೆ ತಲಾ 144 ಪಂದ್ಯಗಳ ಬಳಿಕ, ನಿಯಮ ಪೂರೈಸುತ್ತದೆ. ಅಷ್ಟು ಕಾಲ ಒಂದೇ ಸಂಘದಲ್ಲಿ ನಿಲ್ಲುವ ತರಬೇತುದಾರರು ಎಲ್ಲಿದ್ದಾರೆ?

ಗೋಲಿನ ವಿರಳತೆ

ಕಾಲ್ಚೆಂಡಿನಲ್ಲಿ ಆಕಸ್ಮಿಕಕ್ಕೆ ಇಷ್ಟು ಎಡೆ ಸಿಕ್ಕಲು ಕಾರಣವೇನು? ಗೋಲುಗಳು ಬಹು ವಿರಳವಾಗಿರುವುದೇ ಕಾರಣ. ಅಪರೂಪವಾಗಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ನಡೆಯುವ ಘಟನೆಗಳಿಗೆ ಫ್ರೆಂಚ್ ಗಣಿತಜ್ಞ ಪ್ವಾಸೋನ್ 1837ರಲ್ಲಿ ಒಂದು ಸೂತ್ರವನ್ನು ಕೊಟ್ಟನು. ಗೋಲುಗಳ ಎಣಿಕೆಯೂ ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತದೆ. ಪಂದ್ಯಕ್ಕೆ ಸರಾಸರಿ ಒಂದೂವರೆ ಗೋಲು ಹೊಡೆಯುವ ತಂಡವನ್ನೂ ಸರಾಸರಿ ಒಂದೇ ಗೋಲು ಹೊಡೆಯುವ ತಂಡವನ್ನೂ ಎದುರುಬದುರು ನಿಲ್ಲಿಸೋಣ. ಮೊದಲನೆಯದೇ ಬಲವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೂ ಸೂತ್ರದ ಪ್ರಕಾರ ಅದು ನೂರು ಪಂದ್ಯಗಳಲ್ಲಿ ಗೆಲ್ಲುವುದು ಸುಮಾರು 49; ಸಮ ಮಾಡಿಕೊಳ್ಳುವುದು 26; ಸೋಲುವುದು 25. ನಾಲ್ಕರಲ್ಲಿ ಒಂದು ದಿನ ಬಲಶಾಲಿಯೇ ತಲೆ ತಗ್ಗಿಸಿ ಹೊರಬರಬೇಕಾಗುತ್ತದೆ.

ಇನ್ನು ತಿರುವಿನ ಮಾತು. 2022-23ರಲ್ಲಿ ಗ್ರೇಸನ್ ಅವರ ತಂಡ ಲೀಗಿನ ಮೊದಲ 12 ಪಂದ್ಯಗಳಲ್ಲಿ ಎಂಟನ್ನು ಸೋತು 10 ಅಂಕ ಮಾತ್ರ ಗಳಿಸಿತ್ತು. ಉಳಿದ ಎಂಟು ಪಂದ್ಯಗಳನ್ನು ಒಂದನ್ನೂ ಬಿಡದೆ ಗೆದ್ದು 24 ಅಂಕ ಗಳಿಸಿತು. ಮುಂದೆ ಅಂತಿಮ ಪಂದ್ಯವನ್ನೂ ಮುಟ್ಟಿತು. ಹನ್ನೆರಡನೆಯ ಪಂದ್ಯದ ಮರುದಿನ ಅವರನ್ನು ಕಳುಹಿಸಿ ಬೇರೊಬ್ಬರನ್ನು ತಂದಿದ್ದರೆ ಆ ಎಂಟು ಗೆಲುವುಗಳ ಕೀರ್ತಿ ಯಾರಿಗೆ ಸಲ್ಲುತ್ತಿತ್ತು? ಎಂಟು ಸತತ ಗೆಲುವುಗಳು ಬರಿಯ ಅದೃಷ್ಟದ ಫಲವೆಂದು ನಾವು ಹೇಳುವುದಿಲ್ಲ. ಬದಲಾದುದು ತರಬೇತುದಾರರಲ್ಲ ಎಂಬುದಷ್ಟೇ ಇಲ್ಲಿ ಗಮನಿಸಬೇಕಾದ ವಿಷಯ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಉಂಟು. 2021ರ ಜನವರಿಯಲ್ಲಿ ಸತತ ಮೂರು ಸೋಲುಗಳ ಬಳಿಕ ಕ್ವಾದ್ರಾತ್ ಹೊರನಡೆದರು. ನೌಷಾದ್ ಮೂಸಾ ತಾತ್ಕಾಲಿಕವಾಗಿ ಹೊಣೆ ಹೊತ್ತರು. ತಂಡ ಏಳನೆಯ ಸ್ಥಾನದಲ್ಲಿಯೇ ನಿಂತಿತು.

ಮಿತಿಮೀರಿದ ಏರಿಕೆಯಾಗಲಿ ಇಳಿತವಾಗಲಿ ತಾನಾಗಿಯೇ ಸರಾಸರಿಯ ಕಡೆಗೆ ಮರಳುವುದೆಂಬುದನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿಗಳ ಮತ್ತು ಮಕ್ಕಳ ಎತ್ತರವನ್ನು ಅಳೆದು ತೋರಿಸಿದನು. ತರಬೇತುದಾರರನ್ನು ತೆಗೆಯುವುದು ಸಾಮಾನ್ಯವಾಗಿ ತಂಡವು ತೀರ ಕೆಳಗಿಳಿದಾಗ. ಅಲ್ಲಿಂದ ಮೇಲೇರುವುದೇ ಸಂಭಾವ್ಯ. ಯಾರು ಬಂದರೂ ಗೆದ್ದಂತೆ ಕಾಣುತ್ತದೆ. ನೆದರ್ಲೆಂಡ್ಸಿನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೇಲ್ ಅಲ್ಲಿಯ 1986ರಿಂದ 2004ರವರೆಗಿನ ಪಂದ್ಯಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಲೇಖನ ಇದನ್ನೇ ಹೇಳುತ್ತದೆ. ತರಬೇತುದಾರರನ್ನು ಬದಲಿಸಿದ ತಂಡಗಳು ಚೇತರಿಸಿಕೊಂಡವು ನಿಜ. ಅಷ್ಟೇ ಕೆಳಗಿಳಿದೂ ಬದಲಿಸದೆ ತಾಳಿಕೊಂಡಿದ್ದ ತಂಡಗಳೂ ಹಾಗೆಯೇ ಚೇತರಿಸಿಕೊಂಡವು.

ಎರಡನೆಯ ಬಗೆಯ ದೋಷ

ಇಲ್ಲಿಯವರೆಗೆ ಹೇಳಿದುದು ಆಕಸ್ಮಿಕ ದೋಷ. ಅಳತೆಗಳು ಹೆಚ್ಚಿದಂತೆ ಅದು ಕುಗ್ಗುತ್ತದೆ. ಆದರೆ ತಕ್ಕಡಿಯೇ ಒಂದು ಕಡೆಗೆ ವಾಲಿದ್ದರೆ ಸಾವಿರ ಬಾರಿ ತೂಗಿದರೂ ಪ್ರಯೋಜನವಿಲ್ಲ. ವೆಸ್ಟ್‌ವುಡ್ ಎದುರಿಸಿದುದು ಐ-ಲೀಗಿನ ತಂಡಗಳನ್ನು. ಅವರ ಬಳಿಕ ಬಂದವರು ಬಹುಮಟ್ಟಿಗೆ ಸೂಪರ್ ಲೀಗಿನ ತಂಡಗಳನ್ನು. 2020-21 ಮತ್ತು 2021-22ರ ಲೀಗುಗಳು ಕೋವಿಡ್ ಪಿಡುಗಿನ ನಿಮಿತ್ತ ಗೋವೆಯಲ್ಲಿಯೇ ನಡೆದುವಾದ್ದರಿಂದ, ಕ್ವಾದ್ರಾತ್ ಅವರ ಕೊನೆಯ ದಿನಗಳಿಗೂ ಪೆಟ್ಸಾಯುವೋಲಿ ಅವರ ವರ್ಷಕ್ಕೂ ಕಂಠೀರವ ಕ್ರೀಡಾಂಗಣದ ಜನಘೋಷದ ಬೆಂಬಲವಿರಲಿಲ್ಲ. ಸಂಘದ ಆರಂಭದಿಂದಲೂ ಇದ್ದ ಸುನಿಲ್ ಛೇತ್ರಿ ಒಬ್ಬರಿಗೆ ಇಪ್ಪತ್ತೊಂಬತ್ತರ ಯುವಕ, ಇನ್ನೊಬ್ಬರಿಗೆ ನಲವತ್ತರ ಹಿರಿಯ. ಕ್ವಾದ್ರಾತ್ ಅವರು ರೋಕಾ ಕಟ್ಟಿದ ತಂಡವನ್ನೇ ಪಡೆದರು. ಬಿತ್ತಿದವರೊಬ್ಬರು, ಕೊಯ್ದವರು ಮತ್ತೊಬ್ಬರು.

ನಾವು ಇದನ್ನು ಬರೆಯುತ್ತಿರುವ ಬದನಗುಪ್ಪೆಯ ಸುತ್ತಲಿನ ರೈತರಿಗೆ ಈ ತತ್ತ್ವವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮಳೆಯನ್ನೇ ನಂಬಿದ ಹೊಲದಲ್ಲಿ ಒಂದು ವರ್ಷ ರಾಗಿ ಒಣಗಿದರೆ ಅದನ್ನು ಬೇಸಾಯಗಾರನ ಅಸಾಮರ್ಥ್ಯವೆಂದು ಯಾರೂ ಹೇಳುವುದಿಲ್ಲ. ನೆಲ ಎಂತಹುದು, ಮಳೆ ಎಷ್ಟು ಬಿತ್ತು, ಪಕ್ಕದ ಹೊಲದಲ್ಲಿ ಏನು ಬೆಳೆಯಿತು ಎಂದು ಮೊದಲು ವಿಚಾರಿಸುತ್ತಾರೆ. ಕ್ರೀಡಾಂಗಣಕ್ಕೆ ಹೋದೊಡನೆ ಈ ವಿವೇಕ ಏಕೋ ಮರೆತುಹೋಗುತ್ತದೆ.

ಹಾಗಾದರೆ ತೂಗುವುದು ಹೇಗೆ?

ತರಬೇತುದಾರರಲ್ಲಿ ಹೆಚ್ಚು ಕಡಿಮೆಯೇ ಇಲ್ಲವೆಂದು ಇದರಿಂದ ಭಾವಿಸಬಾರದು. ವ್ಯತ್ಯಾಸವುಂಟು, ಅಂಕಪಟ್ಟಿಯಲ್ಲಿ ಅದು ಬೇಗ ಕಾಣುವುದಿಲ್ಲ, ಅಷ್ಟೇ. ಆದುದರಿಂದ ವಿರಳವಾದುದನ್ನು ಬಿಟ್ಟು ಹೇರಳವಾದುದನ್ನು ಎಣಿಸಬೇಕು. ಇಂಗ್ಲೆಂಡಿನ ವಾಯುಪಡೆಯ ಅಧಿಕಾರಿ ಚಾರ್ಲ್ಸ್ ರೀಪ್ 1950ರಿಂದ ಪಂದ್ಯಗಳಲ್ಲಿ ಪ್ರತಿಯೊಂದು ಹೊಡೆತವನ್ನೂ ಗುರುತು ಹಾಕಿಕೊಳ್ಳತೊಡಗಿದನು. ಸುಮಾರು ಹತ್ತು ಹೊಡೆತಗಳಿಗೆ ಒಂದು ಗೋಲೆಂಬುದು ಅವನಿಗೆ ಕಂಡುಬಂದಿತು. ಎಣಿಕೆಯ ದೋಷವು ಎಣಿಕೆಯ ವರ್ಗಮೂಲದಷ್ಟಿರುತ್ತದೆ. ಒಂದು ವರ್ಷದಲ್ಲಿ 27 ಗೋಲುಗಳಾದರೆ ದೋಷ ಸುಮಾರು ಐದು, ಎಂದರೆ ಶೇಕಡ 19. ಹೊಡೆತಗಳು 270 ಆದರೆ ದೋಷ ಸುಮಾರು ಹದಿನಾರು, ಶೇಕಡ 6 ಮಾತ್ರ. ಎಷ್ಟು ದೂರದಿಂದ, ಯಾವ ಕೋನದಿಂದ ಹೊಡೆದರೆಂಬುದನ್ನು ಲೆಕ್ಕಕ್ಕೆ ಹಿಡಿದು ಪ್ರತಿ ಹೊಡೆತಕ್ಕೂ ಗೋಲಿನ ಸಂಭವವನ್ನು ಕಟ್ಟುವ ಪದ್ಧತಿ ಈಗ ಎಲ್ಲೆಡೆಯೂ ಬಳಕೆಗೆ ಬಂದಿದೆ.

ಆದರೂ ಈ ಜಾಣತನಕ್ಕೆ ಒಂದು ಎಲ್ಲೆಯುಂಟು. ನಮ್ಮ ಹಡಗಲಿಯಲ್ಲಿ 1920ರಲ್ಲಿ ಜನಿಸಿದ ಸಿ. ಆರ್. ರಾವ್ ಅವರು 1945ರಲ್ಲಿ ಸಾಧಿಸಿ ತೋರಿಸಿದ ಪ್ರಸಿದ್ಧ ಪ್ರಮೇಯ ಇದನ್ನು ತಿಳಿಸುತ್ತದೆ. ಕೈಯಲ್ಲಿರುವ ಅಂಕಿಅಂಶಗಳಿಂದ ಪಕ್ಷಪಾತವಿಲ್ಲದ ಅಂದಾಜನ್ನು ಎಷ್ಟೇ ಚಾತುರ್ಯದಿಂದ ಮಾಡಿದರೂ ಅದರ ದೋಷವು ಒಂದು ಮಿತಿಗಿಂತ ಕೆಳಗೆ ಇಳಿಯಲಾರದು. ನಾಲ್ಕು ಪಂದ್ಯಗಳೊಳಗೆ ಇಲ್ಲದ ತಿಳಿವಳಿಕೆಯನ್ನು ಯಾವ ಸೂತ್ರವೂ ಹೊರಗೆ ತೆಗೆಯದು.

ಆದಕಾರಣ ಈಗಿನ ತರಬೇತುದಾರರನ್ನು ಹಿಂದಿನವರೊಡನೆ ಹೋಲಿಸುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು: ಎಷ್ಟು ಪಂದ್ಯಗಳ ಲೆಕ್ಕವಿದು? ಆಟಗಾರರೂ ಎದುರಾಳಿಗಳೂ ಸಮಾನರೇ? ಇದೇ ಫಲವನ್ನು ದಾಳವೂ ಕೊಡಬಲ್ಲುದೇ? ಒಂದು ವರ್ಷದ ಪರೀಕ್ಷಾಫಲದಿಂದ ಉಪಾಧ್ಯಾಯರನ್ನೂ, ಒಂದು ತಿಂಗಳ ವ್ಯಾಪಾರದಿಂದ ಗುಮಾಸ್ತರನ್ನೂ ಅಳೆಯುವ ಮೇಲಧಿಕಾರಿಗಳಿಗೂ ಈ ಪ್ರಶ್ನೆಗಳು ಸಲ್ಲುತ್ತವೆ. ಅಳತೆಯೊಡನೆ ಅದರ ದೋಷವನ್ನೂ ಬರೆಯದ ವಿದ್ಯಾರ್ಥಿಗೆ ಪ್ರಯೋಗಶಾಲೆಯಲ್ಲಿ ನಾವು ಪೂರ್ತಿ ಅಂಕ ಕೊಡುವುದಿಲ್ಲ. ಮನುಷ್ಯರನ್ನು ಅಳೆಯುವಾಗಲೂ ಅಷ್ಟು ಕಟ್ಟುನಿಟ್ಟಿರುವುದು ನ್ಯಾಯ.